ಒರೆಗೆ ಹಚ್ಚದೆ

ಚಿನ್ನ ತೂಗುವ ತಕ್ಕಡಿಯಲ್ಲಿ
ಇವತ್ತೂ ಕಲ್ಲುಪ್ಪು.
ಲೀಟರಿಗೆ ಒಂದು ಗ್ರಾಂ;
ತೆಗೆದ ನೀರು ಹತ್ತು ಲೀಟರು, ಹತ್ತು ಗ್ರಾಂ.
ಬಾಗಿಲು ಅರ್ಧ ಎಳೆದು ತೂಗುತ್ತೇನೆ, ಗಿರಾಕಿ ಕಂಡರೆ ನಕ್ಕಾರು:
ಮಿಲಿಗ್ರಾಂ ಲೆಕ್ಕದ ಗಾಜಿನ ಗೂಡಿನೊಳಗೆ
ನಾಲ್ಕಾಣೆಯ ಉಪ್ಪು.

ಅಂಗಡಿ ಮೂಲೆಯ ಮೀನಿನ ತೊಟ್ಟಿ
ಕಾಯುವ ಮಕ್ಕಳಿಗೆಂದು ಇಟ್ಟದ್ದು.
ಕಿವಿ ಚುಚ್ಚಿಸಲು ತಂದ ಕೂಸು
ಮೀನು ನೋಡುತ್ತ ಅಳು ಮರೆಯುತ್ತದೆ;
ಅಷ್ಟರಲ್ಲಿ ನನ್ನ ತಂತಿ ಆಚೆ ಬಂದಿರುತ್ತದೆ.

ಕಾರ್ತಿಕದ ಒಂದು ಸೋಮವಾರ ಅಂಥದೇ ಒಂದು ಹುಡುಗಿ ಹೇಳಿತು,
"ಶೇಟ್ರೇ, ನಿಮ್ಮ ಮೀನಿನ ಲಂಗ ಹರಿದಿದೆ."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಗ್ಗಿದೆ.
ಬಾಲದ ಅಂಚು ಬೆಳ್ಳಗೆ, ನೂಲು ನೂಲು,
ಇಲಿ ಕಡಿದ ಜರಿಯ ಹಾಗೆ.
ಮೂವತ್ತೊಂದು ವರ್ಷ ಇದೇ ಕಣ್ಣಲ್ಲಿ
ಕೂದಲೆಳೆ ಬಿರುಕು ಹಿಡಿದವನು,
ಮಾರು ದೂರದಲ್ಲಿ ಬಾಲ ಕೊಳೆಯುವುದು ಕಾಣಲಿಲ್ಲ.

ಅಣ್ಣನ ಮಗನ ಜ್ವರದ ಕ್ಯಾಪ್ಸೂಲು ಉಳಿದಿತ್ತು,
ಒಡೆದು ಸುರಿಯುವುದರಲ್ಲಿದ್ದೆ.
ಮೀನಿನಂಗಡಿಯ ಜಬೀನಾ ಫೋನಿನಲ್ಲೇ ಗದರಿದಳು:
"ಕೈ ತೆಗೀರಿ! ಫಿಲ್ಟರಿನ ಸ್ಪಂಜಲ್ಲಿ ಒಳ್ಳೆ ಜೀವಗಳೂ ಇದಾವೆ,
ಹೊಲಸು ತಿಂದು ನೀರು ಕಾಯೋವು.
ಅವೂ ಸತ್ತರೆ ಯಾರನ್ನ ಕರೀತೀರಿ?"

ಸಂಜೆ ಬಂದು ತಳದ ಕಲ್ಲು ಕೆದಕಿದಳು.
ತಿನ್ನದೆ ಬಿದ್ದ ಕಾಳು ಕಪ್ಪಗೆ ಎದ್ದಿತು.
"ಯಾರು ಹಾಕೋದು ಇಷ್ಟು?"
"ಬಂದವರೆಲ್ಲ."
"ಹೊಸಾದು ಏನು ತಂದಿರಿ?"
ದೀಪಾವಳಿಗೆ ಎರಡು, ಭದ್ರಾವತಿಯಿಂದ,
ಕವರು ಬಿಚ್ಚಿ ಹಾಗೇ ಸುರಿದದ್ದು.

ಅವಳು ನನ್ನ ಒರೆಗಲ್ಲು ಕೈಗೆತ್ತಿಕೊಂಡಳು.
"ಯಾರದೋ ಹಳೇ ಸರ, ಇದಕ್ಕೆ ತಿಕ್ಕದೆ
ಮೂಸೆಗೆ ಹಾಕ್ತೀರಾ, ಪುಂಡಲೀಕ ಶೇಟ್ರೇ?"

ಸಾಗರದ ಪೇಟೆಯಲ್ಲಿ ಯಾರೂ ಕೇಳದ ಪ್ರಶ್ನೆ.

ಈಗ ದಿನಾ ಕಾಲು ಭಾಗ ನೀರು ಆಚೆ.
ನಲ್ಲಿಯ ಶರಾವತಿ ರಾತ್ರಿಯಿಡೀ ಬಕೆಟ್ಟಿನಲ್ಲಿ ಕೂತು
ಕ್ಲೋರಿನ್ ವಾಸನೆ ಬಿಟ್ಟ ಮೇಲೆ ಒಳಗೆ.
ಸ್ಪಂಜು ಹಿಂಡುವುದು ತೊಟ್ಟಿಯಿಂದ ತೆಗೆದ ನೀರಲ್ಲೇ.
ಕಾಳಿನ ಡಬ್ಬಿ ಬಂಗಾರದ ಜೊತೆ ತಿಜೋರಿಯಲ್ಲಿ.
ಹೊಸ ಮೀನು ಬಂದರೆ ಮೂರು ನಾಲ್ಕು ವಾರ
ಬೇರೆ ಬೋಗುಣಿ, ಬೇರೆ ಬಲೆ.

ಭದ್ರಾವತಿಯದೊಂದು ಸತ್ತಿತು.
ನಾನು ನೋಡಿದ್ದು ತಡ.

ಉಳಿದದ್ದರ ಹರಿದ ಅಂಚಿನಾಚೆ ಇಂದು
ಅಕ್ಕಿಕಾಳಿನ ಅಗಲ ಹೊಸ ಬಾಲ,
ಬಣ್ಣ ಇನ್ನೂ ಬಂದಿಲ್ಲ,
ಹಿಂದಿನ ಕಲ್ಲು ಕಾಣುವಷ್ಟು ತಿಳಿ.
ಬಂಗಾರವಾಗಿದ್ದರೆ ಒಂದು ಗಂಟೆಯಲ್ಲಿ ಬೆಸೆಯುತ್ತಿದ್ದೆ.

ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ.
ಉಪ್ಪು ಕರಗಲಿ, ಬಂದೆ.