ಪೆಟ್ಟಿಗಿ ಮುಚ್ಚಳದ ಒಳಗ

ಹತೋಡಿ, ಪಾನಾ, ಚಾಣ, ಗ್ರೀಸ್ ಒರಸೂ ಅರಿವಿ—
ಇಪ್ಪತ್ತೆರಡು ವರ್ಷದ ಕಬ್ಬಿಣದ ಪೆಟ್ಟಿಗಿ ಇದು.
ಮುಚ್ಚಳದ ಒಳಗ ಮೊದಲು ಎಲ್ಲವ್ವನ ಪಟ ಇತ್ತು,
ಎಣ್ಣಿ ಹತ್ತಿ ಹತ್ತಿ ಆಕಿ ಮಾರಿ ಮಾಸಿ ಹೋತು.
ಈಗ ಅಲ್ಲೆ ಸೀಮಿಸುಣ್ಣದ ಗೆರಿ.
ದಿನಕ್ಕ ಒಂದು.

ನಮ್ಮ ಶೆಡ್ಡಿನಾಗ ಎಣ್ಣಿ ಅಂದ್ರ ಎರಡು.
ಒಂದು ಬೇರಿಂಗಿಗೆ, ಒಂದು ಬೇಸರಕ್ಕ.
ಎರಡನೇದು ನಾ ಅಳತಿ ಇಲ್ಲದ ಸುರವಿದಂವ.

ಡಾಕ್ಟರಬಾಯಿ ಅಂದ್ಲು: ಒಮ್ಮೆಲೆ ಬ್ರೇಕ್ ಒತ್ತಬ್ಯಾಡ್ರಿ,
ಡಬ್ಬಿ ಮ್ಯಾಲ ಡಬ್ಬಿ ಏರತಾವ.
ಗುಳಿಗಿ ಬರದು, ವಾರಕ್ಕೊಮ್ಮೆ ಬರ್ರಿ ಅಂತ ಹೇಳಿ
ನನ್ನ ಕೈ ಹಿಡದು ನೋಡಿದ್ಲು.
ಫಿಟ್ಟರ ಕೈ. ನೂಲಿನಷ್ಟು ಸಂದು ಬೆರಳಿಂದನ ಹೇಳತಿದ್ದ ಕೈ,
ಚಾದ ಬಶಿ ಹಿಡೀಲಾರದ ಟೇಬಲ್ ಮ್ಯಾಲ ನಡಗಕೋತ ಕೂತಿತ್ತು,
ಬ್ಯಾರೆಯವರದು ಅನ್ನೂ ಹಂಗ.

ಸಂಜಿ ಐದೂವರಿಗೆ ಭೋಂಗಾ.
ಗದಗ ರೋಡಿನ ಗೇಟಿನಿಂದ ಬಲಕ್ಕ ಹೋದ್ರ ಮನಿ ಹದಿನೈದು ನಿಮಿಷ,
ನಡುವ ಮೂರು ಅಂಗಡಿ, ಮೂರರಾಗೂ ನನ್ನ ಹೆಸರು ಗೊತ್ತು.
ಎಡಕ್ಕ ಹೊಳ್ಳತೀನಿ.
ಶಾಲಿ ಕಂಪೌಂಡ್, ಹಿಟ್ಟಿನ ಗಿರಣಿ, ಹಳೇ ಟೈರ್ ಸುಡೂ ನಾತ,
ನಲವತ್ತು ನಿಮಿಷ.
ಗಿರಣಿಯಂವ ಒಂದಿನ ಕೇಳಿದ, ಈ ಕಡೆ ಮನಿ ಮಾಡಿರೇನ್ರಿ?
ಹೌದು ಅಂದೆ.

ಕಿಸೆದಾಗ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ,
ನಾಲಗಿಗೂ ಏನರ ಕೆಲಸ ಬೇಕಲ್ಲ.
ಏಳು ಹತ್ತಕ್ಕ ಹಜರೇಸಾಬನ ಫೋನು.
ಅವ ಬಿಟ್ಟು ಆರು ವರ್ಷ ಆತು, ಉಪದೇಶ ಮಾಡಾಕ ಬರಂಗಿಲ್ಲ ಅವಗ.
ಮೆಣಸಿನಕಾಯಿ ರೇಟು, ಅಳಿಯನ ಸ್ಕೂಟರು, ತನ್ನ ಮೊಣಕಾಲು,
ಇಷ್ಟ. ಎಂಟು ಆಗೂತನಾ ಇಷ್ಟನ.
ಎಂಟು ದಾಟಿದ್ರ ಆ ಸೆಳತ ಒಂದು ಸ್ಟೇಷನ್ ಹಿಂದ ಉಳೀತೈತಿ,
ಗಾರ್ಡನ ಕೆಂಪು ದೀಪ ಸಣ್ಣ ಆದಂಗ.

ಮನ್ಯಾಗ ರೇಣವ್ವ ಮಜ್ಜಿಗಿ ಇಟ್ಟಿರತಾಳ, ಹಸಿಶುಂಠಿ ಜಜ್ಜಿ.
ಯಾವ ಗ್ಲಾಸಿನಾಗ ಅಂತೀರಿ? ಅದ ಗ್ಲಾಸಿನಾಗ.
ಒಡದು ಹಾಕು ಅಂದಿದ್ದೆ.
ಗ್ಲಾಸೇನ ಮಾಡೇತಿ, ಅಂದ್ಲು.

ಇಪ್ಪತ್ತಾರನೇ ದಿನ ದೋಸ್ತನ ರಿಟೈರ್‌ಮೆಂಟಿನ ಊಟ.
ಹಿತ್ತಲದಾಗ ಯಾರೋ ಕೈಯಾಗ ಕೊಟ್ರು.
ಯಾರೋ ಅನ್ನೂದು ಸುಳ್ಳು. ನಾನ ಇಸಗೊಂಡೆ.
ಮರುದಿನ ಪೆಟ್ಟಿಗಿ ತಗದು ಅರಿವಿ ಹಿಡದು ನಿಂತೆ,
ಇಪ್ಪತ್ತೈದೂ ಒರಸಿಬಿಡೂಣು ಅಂತ.
ಫೋನ್ ಮಾಡಿ ಹೇಳಿದ್ರ ಹಜರೇಸಾಬ ಭಾಳೊತ್ತು ಸುಮ್ಮನಿದ್ದ.
ಆಮ್ಯಾಲ ಕೇಳಿದ: ಊಟಕ್ಕ ಏನ್ ಮಾಡಿದ್ರು?
ಮಾದಲಿ ಅಂದೆ.
ತುಪ್ಪ ಹಾಕಿದ್ರೇನು?
ಹಾಕಿದ್ರು.
ಆತು, ಏಳು ಹತ್ತಕ್ಕ ಮಾಡತೀನಿ, ಅಂತ ಇಟ್ಟ.

ಆ ದಿನದ ಗೆರಿ ಅಡ್ಡ ಎಳದೆ.
ನಿಂತ ಗೆರಿಗೋಳ ನಡುವ ಮಲಗಿದ್ದು ಒಂದು,
ಹಳಿ ಕೆಳಗಿನ ಸ್ಲೀಪರಿನ ಹಂಗ.

ಇವತ್ತು ಮುಂಜಾನೆ ಅಪ್ರೆಂಟಿಸ್ ಹುಡುಗ ಬಗ್ಗಿ ನೋಡಿ,
ಏನ್ ಕಾಕಾ, ಯಾರ ಬಾಕಿ ಬರದೀರಿ? ಅಂದ.
ಬಶಿ ಚಾಚಿದೆ. ತುಂಬ ಸುರವು ಅಂದೆ.
ಅಂಚಿನ ತನಾ ಸುರವಿದ, ತುಂಟ.
ಚಾ ಅಲಗಾಡ್ತು, ಚೂರು.
ಚೆಲ್ಲಲಿಲ್ಲ.

ಕುಡದು ಸೀಮಿಸುಣ್ಣ ಹುಡಕಿದೆ.
ಕಿಸೆದಾಗ ನೆಲ್ಲಿಕಾಯಿ ಜೋಡಿ ಇದ್ದು ಇದ್ದು
ಅದೂ ಉಪ್ಪುಪ್ಪಾಗಿತ್ತು.