ಬಾವಿಯ ನೀರು ಮೊದಲು

ಮನೆ ನೋಡಲು ಹೋದವರು ಮೊದಲು ಅಡುಗೆಮನೆ ನೋಡುತ್ತಾರೆ.
ನಾನು ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು,
ನಾಲಿಗೆಗೆ ತಾಗಿಸಿ ಉಗುಳುತ್ತೇನೆ.
ಕುಣಿಗಲ್ಲಿನ ಫಾರಮ್ಮಿನಲ್ಲಿ ಲಾಯ ಗುಡಿಸುತ್ತಿದ್ದ ಅಪ್ಪ
ಕಲಿಸಿದ್ದು ಇಷ್ಟೇ:
ಉಪ್ಪುನೀರು ಕೊಟ್ಟರೆ ಮನುಷ್ಯ ಬೈದುಕೊಂಡು ಕುಡಿಯುತ್ತಾನೆ,
ಕುದುರೆ ಕುಡಿಯುವುದನ್ನೇ ಬಿಡುತ್ತದೆ.

ಗುಲ್ ಜಮಾನನ ಪಿಕಪ್ಪಿನಲ್ಲಿ ಇದು ಐದನೆಯ ಶುಕ್ರವಾರ.
ಧೈದ್ ದಾಟಿ, ಸೌತೆಕಾಯಿಯ ಬಲೆಮನೆಗಳ ದಾಟಿ,
ಒಂಟೆ ಬರೆದ ತ್ರಿಕೋನ ಫಲಕಗಳ ದಾಟಿ
ಅವನದು ಒಂದೇ ರಾಗ:
"ಆಡಾ? ಇಡಬಹುದು. ಒಂಟೆಯಾ? ಕೇಳಲೇಬೇಕಿಲ್ಲ.
ಕುದುರೆ ಯಾಕೆ ತಂಗೀ, ಅದು ದೊಡ್ಡವರ ಹುಚ್ಚು."
ಕುದುರೆ ಕಂಡರೆ ಕಾಲುನೋವು ಅಂತಾರೆ ನಮ್ಮ ಕಡೆ.
ಇಲ್ಲಿ ಕುದುರೆ ಅಂದರೆ ಸಾಕು,
ಬಾಡಿಗೆಗೆ ನಾಗಾಲೋಟ.

ಒಂದು ಕಡೆ ಲಾಯಕ್ಕೆ ಏಸಿ ಇತ್ತು,
ನಮಗೆಂದು ತೋರಿಸಿದ ಕೋಣೆಗೆ ಕಿಟಕಿ ಇರಲಿಲ್ಲ.
ದೊರೆಸ್ವಾಮಿ ಹುಲ್ಲಿನ ಮೇಲೆ ಕೂತು ನೋಡಿ
"ನಾವೇ ಇಲ್ಲಿ ಮಲಗಿದರಾಯ್ತು" ಅಂದ.
ಮಾಲೀಕರ ಮಗನಿಗೆ ಕನ್ನಡ ಬಾರದು, ನಗು ಅರ್ಥವಾಯಿತು,
ಐನೂರು ಏರಿಸಿದ.
ಇನ್ನೊಂದರಲ್ಲಿ ಸುತ್ತ ಮುಳ್ಳುತಂತಿ.
ಮತ್ತೊಂದರಲ್ಲಿ ಈಜುಕೊಳ, ಮಾಂಸ ಸುಡುವ ಒಲೆ, ಬಣ್ಣದ ದೀಪ;
ವಾರದ ಕೊನೆಗೆ ಪಾರ್ಟಿ, ಪಟಾಕಿ. ಪ್ರಾಣಿಗಳಿಗೆ ಪ್ರವೇಶವಿಲ್ಲ.
ನಾಲ್ಕನೆಯದರಲ್ಲಿ ಎರಡು ಗಾಫ್ ಮರ, ನೆರಳು ಎಷ್ಟು ತಣ್ಣಗಿತ್ತೆಂದರೆ
ನಾನು ಚಪ್ಪಲಿ ಬಿಟ್ಟು ನಿಂತೆ.
ನೀರು ಮಾತ್ರ ಕಣ್ಣೀರಿಗಿಂತ ಉಪ್ಪು.
ಸಿಹಿನೀರಿನ ಟ್ಯಾಂಕರ್ ಓಡಿಸುವ ನನ್ನ ಗಂಡ
ಬೆರಳು ಮಡಿಸಿ ಲೆಕ್ಕ ಹಾಕಿದ. ತಿಂಗಳಿಗೆ ಎಂಟು ಟ್ಯಾಂಕರ್.
ಮಡಿಸಿದ ಬೆರಳನ್ನು ಹಾಗೇ ಜೇಬಿಗಿಟ್ಟ.

ಗೈಮಾ ಅಂದರೆ ಮೋಡ. ವಯಸ್ಸು ಹತ್ತೊಂಬತ್ತು.
ನೂರಿಪ್ಪತ್ತು ಕಿಲೋಮೀಟರು ಓಡಿ, ಕೊನೆಗೆ
ನಾಡಿ ಎಣಿಸಲು ಬಂದ ನನ್ನ ಹೆಗಲಿಗೆ ಮೂತಿ ಒರಗಿಸುತ್ತಿದ್ದವಳು.
ಮುಂಗಾಲಿನ ನರ ಊದಿದ ಮೇಲೆ
ಒಂದು ದಿರ್ಹಮಿಗೆ ನನ್ನ ಹೆಸರಿಗೆ ಬರೆದರು.
ತಿಂಗಳ ಕೊನೆಗೆ ಜಾಗ ಖಾಲಿಯಾಗಬೇಕು.
ಅವಳಿಗೂ ಪಾಸ್‌ಪೋರ್ಟ್ ಇದೆ, ನನ್ನದಕ್ಕಿಂತ ದಪ್ಪ.
ಫೋಟೊ ಇಲ್ಲ, ಕುದುರೆಯ ಒಂದು ಗೆರೆಚಿತ್ರ,
ಅದರ ಮೇಲೆ ಸುಳಿ ಇದ್ದಲ್ಲೆಲ್ಲ ಒಂದೊಂದು ಕತ್ತರಿ ಗುರುತು.
ಹಣೆಯಲ್ಲಿ ಜೋಡಿ ಸುಳಿ.
ಅಪ್ಪ ಇದ್ದಿದ್ದರೆ ಬೇಡವೇ ಬೇಡ ಅನ್ನುತ್ತಿದ್ದ,
ಆಮೇಲೆ ಯಾರೂ ಇಲ್ಲದಾಗ ಬೆಲ್ಲ ತಿನ್ನಿಸುತ್ತಿದ್ದ.

ಐದನೆಯದು ಮಿಲೈಹಾದ ಆಚೆ, ಡಾಂಬರು ಮುಗಿದ ಮೇಲೆ.
ಬಾಗಿಲಲ್ಲಿ ಉಮ್ಮ್ ಸುಹೈಲ್, ಮುಖಕ್ಕೆ ಹಳೆಯ ಬುರ್ಕಾ,
ಮಡಿಲಲ್ಲಿ ಬೀಜ ತೆಗೆದ ಖರ್ಜೂರದ ತಟ್ಟೆ.
ನಮ್ಮ ಸಂಬಳ ಕೇಳಲಿಲ್ಲ. ಕುದುರೆಯ ಹಲ್ಲು ಹೇಗಿದೆ ಅಂದಳು.
ಸವೆದಿದೆ, ಮೇವು ನೆನೆಸಿ ಕೊಡಬೇಕು, ಅಂದೆ.
ತನ್ನದೂ ಹಾಗೇ ಎಂದು ತಟ್ಟೆ ತೋರಿಸಿದಳು.
"ನೀವು ಎಷ್ಟು ವರ್ಷ ಇರುತ್ತೀರಿ?"
"ವೀಸಾ ಇರುವವರೆಗೆ. ಎರಡು."
"ಅವಳು?"
ಗುಲ್ ಜಮಾನ್ ಅರಬ್ಬಿಯಲ್ಲಿ ಏನೋ ಹೇಳಹೊರಟ.
ಮುದುಕಿ ಕೈಯೆತ್ತಿ ಅವನನ್ನು ತಡೆದು
ನನ್ನನ್ನೇ ನೋಡುತ್ತಿದ್ದಳು.
ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.
ಗೊತ್ತಿಲ್ಲ ಅಂದೆ.

ಬಾವಿ ಹಿಂದುಗಡೆ. ಹಗ್ಗ ಹೊಸದು, ಕೊಡ ಹಳೆಯದು.
ಬೊಗಸೆಗೆ ಸುರಿದುಕೊಂಡೆ. ತುಸು ಉಪ್ಪು,
ಬೆವರಿದ ಕತ್ತನ್ನು ಮುತ್ತಿಟ್ಟಾಗ ತುಟಿಗೆ ಬರುವಷ್ಟು.
ಉಗುಳಲಿಲ್ಲ.
"ಅವಳನ್ನು ಕರೆತನ್ನಿ" ಅಂದಳು ಬೆನ್ನ ಹಿಂದೆ ಉಮ್ಮ್ ಸುಹೈಲ್,
"ಅವಳು ಕುಡಿದರೆ ಬಾಡಿಗೆ ಮಾತಾಡೋಣ."

ಹಿಂತಿರುಗುವಾಗ ಅರ್ಧ ದಾರಿಯವರೆಗೆ ಯಾರೂ ಮಾತಾಡಲಿಲ್ಲ.
ಪೆಟ್ರೋಲ್ ಬಂಕಿನಲ್ಲಿ ಚಹಾ ಹಿಡಿದು ದೊರೆಸ್ವಾಮಿ ಕೇಳಿದ,
"ಅಲ್ಲಾ, ಆ ಮನೆಗೆ ಅಡುಗೆಮನೆ ಇತ್ತೇನೇ?"