ಒಲೆ ಹಾಕುವವಳ ಮಗಳು

ಮದ್ದೂರಿನ ಸರ್ಕಾರಿ ಕಾಲೇಜು, ಎರಡನೇ ಪೀರಿಯಡ್ಡು.
ಹಲಗೆಯ ಮೇಲೆ ಕಡಲೆಕಾಯಿಯಂಥದೊಂದು ಬಿಡಿಸುತ್ತೇನೆ,
ಒಳಗೆ ಸೀರೆಯ ನೆರಿಗೆಯಂಥ ಮಡಿಕೆಗಳು.
ಮೈಟೊಕಾಂಡ್ರಿಯಾ, ಎನ್ನುತ್ತೇನೆ.
ಜೀವಕೋಶದ ವಿದ್ಯುದಾಗಾರ ಅಂತ ಬರೆದುಕೊಳ್ಳುತ್ತಾರೆ ಎಲ್ಲರೂ
ಎರಡು ಮಾರ್ಕಿನ ಪ್ರಶ್ನೆಗೆ.

ನನಗೆ ಮೊದಲು ಕಾಣುವುದು ಚಲುವೇಗೌಡರ ಆಲೆಮನೆ,
ಕೊಪ್ಪದ ದಾರಿಯಲ್ಲಿ, ನಾಲೆ ಏರಿಯ ಕೆಳಗೆ.
ಗಾಣ ಹಿಂಡಿ ಎಸೆದ ರಚ್ಚು ಮೂರು ದಿನ ಬಿಸಿಲುಂಡು
ಒಲೆಯ ಬಾಯಿಗೆ ಬರುತ್ತಿತ್ತು.
ಕಬ್ಬಿನ ರಸ ಕೊಪ್ಪರಿಗೆಯಲ್ಲಿ, ಕಬ್ಬಿನ ಮೈ ಬೆಂಕಿಯಲ್ಲಿ.
ಮೇಲೆ ನಿಂತವರಿಗೆ ಪಾಕದ ಹದ ಗೊತ್ತು,
ಬೆಲ್ಲಕ್ಕೆ ಅವರ ಹೆಸರು.
ಗುಂಡಿಯಲ್ಲಿ ಕೂತು, ಮಗುವಿಗೆ ತುತ್ತಿಡುವ ಹಾಗೆ
ಹಿಡಿ ಹಿಡಿ ನೂಕುತ್ತಿದ್ದವಳು ನಿಂಗಾಜಮ್ಮ, ನನ್ನವ್ವ.
"ಒಂದೇ ಸತಿ ತುಂಬುದ್ರೆ ಹೊಗೆ ಕಣವ್ವ,
ಸೊಲ್ಪ ಸೊಲ್ಪ ಕೊಟ್ರೆ ಉರಿ."
ಇಷ್ಟೇ.
ಇದನ್ನೇ ನಾನು ನಾಲ್ಕು ತಾಸು ಪಾಠ ಮಾಡುತ್ತೇನೆ:
ಗ್ಲೂಕೋಸು ಒಮ್ಮೆಗೇ ಉರಿದರೆ ಕೋಶವೇ ಬೂದಿ,
ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ, ಕಿಣ್ವದಿಂದ ಕಿಣ್ವಕ್ಕೆ.

ಮೈಯ ವ್ಯವಹಾರವೆಲ್ಲ ದಿನಗೂಲಿ.
ಎಟಿಪಿ ಎನ್ನುವ ಚಿಲ್ಲರೆ,
ಒಂದು ಫಾಸ್ಫೇಟು ಮುರಿದರೆ ಒಂದು ಚೂರು ಕೆಲಸ.
ರೆಪ್ಪೆ ಬಡಿಯಲು, ಬೈಯಲು, ಬೈದದ್ದಕ್ಕೆ ಅಳಲು.
ಮತ್ತೆ ಜೋಡಿಸು, ಮತ್ತೆ ಮುರಿ.
ಯಾವ ಗಳಿಗೆಯಲ್ಲೂ ಮೈಯಲ್ಲಿರುವುದು
ಒಂದು ಸಣ್ಣ ಅಚ್ಚು ಬೆಲ್ಲದ ತೂಕ,
ದಿನಕ್ಕೆ ತಿರುಗಿ ತಿರುಗಿ ಕೈ ಬದಲಾಗುವ ಲೆಕ್ಕ ಹಾಕಿದರೆ
ಒಂದು ಆಳಿನ ತೂಕ.
ಕೂಡಿಡಲು ಬಾರದು ಇದನ್ನು. ಕೂಡಿಡಬೇಕೆಂದರೆ
ಕೊಬ್ಬು ಮಾಡಿಕೋ. ಅವ್ವನಿಗೆ ಅದೂ ಇರಲಿಲ್ಲ.
ಶನಿವಾರದ ಬಟವಾಡೆ ಸೋಮವಾರದೊಳಗೆ
ಮುದ್ದೆಯಾಗಿ, ಉಪ್ಪೆಸರಾಗಿ ಮುಗಿದಿರುತ್ತಿತ್ತು.

ಎಂಟನೇ ಕ್ಲಾಸಿನಲ್ಲಿ ಶಿವನಸಮುದ್ರದ ಬ್ಲಫ್‌ಗೆ ಕರೆದೊಯ್ದಿದ್ದರು.
ಮೇಲೆ ತಡೆದ ನೀರು, ಕೆಳಗೆ ಬೀಳುವ ತವಕ, ನಡುವೆ ಚಕ್ರ.
ಸದ್ದಿಗೆ ಹೆದರಿ ಕಿವಿ ಮುಚ್ಚಿಕೊಂಡು ಹೊರಗೋಡಿದ್ದೆ.
ಆಮೇಲೆ ಮೈಸೂರಿನಲ್ಲಿ, ಎಂ.ಎಸ್ಸಿ. ಓದುವಾಗ,
ಒಂದು ಚಿತ್ರದ ಮುಂದೆ ಕೂತಲ್ಲೇ ಕೂತುಬಿಟ್ಟೆ:
ಪೊರೆಯ ಆಚೆ ತಡೆದು ನಿಲ್ಲಿಸಿದ ಪ್ರೋಟಾನುಗಳ ಕೆರೆ,
ಒಂದೇ ಕಿಂಡಿ, ಕಿಂಡಿಯಲ್ಲಿ ಚಕ್ರ,
ಉಪಮೆಯಲ್ಲ, ನಿಜವಾಗಿ ತಿರುಗುವ ಚಕ್ರ,
ಸೆಕೆಂಡಿಗೆ ನೂರು ಸುತ್ತು.
ಅದೇ ಬ್ಲಫ್. ಸದ್ದಿಲ್ಲ ಅಷ್ಟೆ.

ಹಿಂದಿನ ಬೆಂಚಿನಿಂದ ಫರ್ಹೀನ್ ಎದ್ದು ಕೇಳಿದಳು:
"ಮಿಸ್, ನೋಟ್ಸಲ್ಲಿಲ್ಲ, ಆದ್ರೂ.
ಸತ್ತೋದ್ಮೇಲೆ ಎಟಿಪಿ ಏನಾಗುತ್ತೆ?"
ಮುಗಿದುಹೋಗುತ್ತೆ, ಎಂದೆ.
ಸ್ನಾಯುವಿನಲ್ಲಿ ಒಂದು ಎಳೆ ಇನ್ನೊಂದನ್ನು ಹಿಡಿದಿರುತ್ತೆ,
ಹಿಡಿದದ್ದನ್ನು ಬಿಡೋದಕ್ಕೆ ಎಟಿಪಿ ಬೇಕು,
ಇಲ್ಲದಿದ್ದರೆ ಬಿಡಲಾರದು, ಅದಕ್ಕೇ ಹೆಣ ಸೆಟೆಯೋದು.
ವರ್ಷವರ್ಷವೂ ಹೇಳಿದ ಮಾತೇ.
ಚಾಕ್‌ಪೀಸು ಕೈಯಲ್ಲೇ ನಿಂತಿತು.

ಆಷಾಢದ ಆ ಬೆಳಗಿನ ಜಾವ ಅವ್ವನ ಬಲಗೈ
ಹಿಡಿ ರಚ್ಚು ಹಿಡಿದಂತೆ ಮಡಿಚಿಕೊಂಡಿತ್ತು.
ಮೈ ತೊಳೆಯಲು ಬಂದವರು ಬಿಸಿನೀರು ಹುಯ್ದು
ಒಂದೊಂದೇ ಬೆರಳು ಒತ್ತಿದರು. ಬಿಚ್ಚಲಿಲ್ಲ.
"ಏನೋ ಆಸೆ ಉಳ್ಕಂಡದೆ" ಅಂದಳು ಸಣ್ಣತ್ತೆ.
ಹದಿನಾಲ್ಕು ವರ್ಷ ಹುಡುಕಿದೆ ಅದೇನೆಂದು.
ತಮ್ಮನ ಮದುವೆಯೇ, ಮೂಗುಬೊಟ್ಟೇ,
ಗೌಡರು ಕೊಡಬೇಕಿದ್ದ ಎರಡು ವಾರದ ಬಾಕಿಯೇ.
ಪಾಠದಲ್ಲಿದ್ದ ಕೈ, ಮನೆಯಲ್ಲಿದ್ದ ಕೈ
ಬೇರೆ ಬೇರೆ ಎಂದುಕೊಂಡಿದ್ದೆನೇನೋ.

ಚಿಲ್ಲರೆ ಮುಗಿದಿತ್ತು, ಅಷ್ಟೆ.
ಜೀವಮಾನವಿಡೀ ಹಿಡಿಯಲು ಸಾಕಾಯಿತು,
ಬಿಡಲು ಸಾಲಲಿಲ್ಲ.

ಅಪ್ಪನ ಊರು, ಹೆಸರು ನನ್ನ ಇನಿಷಿಯಲ್ಲಿನಲ್ಲಿವೆ.
ಒಲೆ ಮಾತ್ರ ತಾಯಿಯಿಂದಲೇ ಬರುವುದು,
ಅಜ್ಜಿಯಿಂದ ಅವಳಿಗೆ, ಅವಳಿಂದ ನನಗೆ.
ಇದನ್ನು ಫರ್ಹೀನ್‌ಗೆ ಹೇಳಬೇಕೆನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆ ಬಸ್ಸಿನಲ್ಲಿ ಸೀಟಿರಲಿಲ್ಲ, ಕಂಬಿ ಹಿಡಿದು ನಿಂತಿದ್ದೆ.
ಕೊಪ್ಪ ಬಂತು.
ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು,
ಪುಕ್ಕಟೆ ಏನಲ್ಲ.